5,518 ಮತ ಮತ್ತು ಒಬ್ಬ ಬೂತ್ ಏಜೆಂಟ್: ಮಂಡ್ಯ 2014ರ ಒಂದು ಪ್ರಕರಣ

2014ರ ಮೇ 16ರಂದು ಮಂಡ್ಯ ಲೋಕಸಭಾ ಕ್ಷೇತ್ರದ ಫಲಿತಾಂಶ ಬಂತು. ಜೆಡಿಎಸ್‌ನ ಸಿ.ಎಸ್. ಪುಟ್ಟರಾಜು ಅವರಿಗೆ 5,24,370 ಮತ. ಕಾಂಗ್ರೆಸ್‌ನ ರಮ್ಯಾ ಅವರಿಗೆ 5,18,852. ಅಂತರ 5,518. ಇಬ್ಬರಿಗೂ ಸೇರಿ ಬಿದ್ದ ಹತ್ತು ಲಕ್ಷ ಚಿಲ್ಲರೆ ಮತದಲ್ಲಿ ಇದು ಅರ್ಧ ಪರ್ಸೆಂಟ್ ಆಸುಪಾಸು. ಇನ್ನೂರು ಜನ ಓಟು ಹಾಕಿದ ಕಡೆ ಒಂದೇ ಒಂದು ಮತ ಹೆಚ್ಚು ಕಡಿಮೆ.

ಅದೇ ದಿನ ಸಂಜೆ ಮದ್ದೂರು ತಾಲೂಕಿನ ಒಂದು ಊರಿನಲ್ಲಿ, ಕಾಂಗ್ರೆಸ್ ಪರವಾಗಿ ಬೂತ್ ಏಜೆಂಟ್ ಆಗಿ ಕೂತಿದ್ದವರೊಬ್ಬರಿಗೆ ಅವರ ಪಕ್ಷದವರೇ "ಒಳೇಟು ಕೊಟ್ಟವನು" ಅಂತ ಹೆಸರು ಕಟ್ಟಿದರು. ಅವರು ನನ್ನ ಸೋದರಮಾವ. ಊರಿನ ಹೆಸರಾಗಲಿ ಅವರ ಹೆಸರಾಗಲಿ ಇಲ್ಲಿ ಬೇಡ. ಹೆಸರು ಹೇಳಿದರೆ ಹಳೇ ಜಗಳ ಮತ್ತೆ ಎದ್ದು ಕೂರುತ್ತದೆ. ಆದರೆ ಆ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡಬೇಕು ಅಂತ ನನಗೆ ಬಹಳ ದಿನದಿಂದ ಇದೆ. ಕೂದಲೆಳೆ ಅಂತರದ ಸೋಲಿಗೆ ಕಾರಣ ಹುಡುಕುತ್ತಾ ಪಕ್ಷದವರು ಮೊದಲು ಕೈ ಇಡುವುದು ತಮ್ಮ ಪಕ್ಕದವನ ಕುತ್ತಿಗೆಗೆ. ಅದು ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಕರಣ ನಾನು ನೋಡಿಲ್ಲ.

ಒಂದೇ ವರ್ಷ, ಮೂರು ಚುನಾವಣೆ

ಮೊದಲು ಹಿನ್ನೆಲೆ. 2013ರ ಮೇನಲ್ಲಿ ವಿಧಾನಸಭಾ ಚುನಾವಣೆ ಆಯಿತು. ಸಿದ್ದರಾಮಯ್ಯ ಮುಖ್ಯಮಂತ್ರಿ ಆದರು. ಆದರೆ ಮಂಡ್ಯ ಲೋಕಸಭಾ ಕ್ಷೇತ್ರದೊಳಗಿನ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಕಾಂಗ್ರೆಸ್‌ಗೆ ಸಿಕ್ಕಿದ್ದು ಎರಡೇ: ಮಂಡ್ಯದಲ್ಲಿ ಅಂಬರೀಶ್, ಮಳವಳ್ಳಿಯಲ್ಲಿ ನರೇಂದ್ರಸ್ವಾಮಿ. ಮದ್ದೂರು, ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆ, ಜೊತೆಗೆ ಮೈಸೂರು ಜಿಲ್ಲೆಯ ಕೆ.ಆರ್. ನಗರ, ಈ ಐದೂ ಜೆಡಿಎಸ್ ಪಾಲಾದವು. ಮೇಲುಕೋಟೆಯಲ್ಲಿ ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯ ಗೆದ್ದರು. ಅಲ್ಲಿ ಅವರ ಎದುರು ಸೋತವರೇ ಪುಟ್ಟರಾಜು.

ಆಗ ಮಂಡ್ಯದ ಸಂಸದರಾಗಿದ್ದ ಚಲುವರಾಯಸ್ವಾಮಿ ನಾಗಮಂಗಲದಿಂದ ಶಾಸಕರಾಗಿ ಗೆದ್ದು ಲೋಕಸಭೆ ಸ್ಥಾನ ಬಿಟ್ಟರು. ಆಗಸ್ಟ್‌ನಲ್ಲಿ ಉಪಚುನಾವಣೆ ಬಂತು. ಕಾಂಗ್ರೆಸ್ ರಮ್ಯಾ ಅವರನ್ನು ನಿಲ್ಲಿಸಿತು. ಜೆಡಿಎಸ್ ಪುಟ್ಟರಾಜು ಅವರನ್ನೇ ನಿಲ್ಲಿಸಿತು. ಬಿಜೆಪಿ ಅಭ್ಯರ್ಥಿಯನ್ನೇ ಹಾಕಲಿಲ್ಲ. ಆದರೂ ರಮ್ಯಾ 47,662 ಮತಗಳ ಅಂತರದಿಂದ ಗೆದ್ದರು. ಮೂವತ್ತರ ವಯಸ್ಸು, ಮೊದಲ ಚುನಾವಣೆ, ಪ್ರಚಾರದ ಹೊತ್ತಿನಲ್ಲೇ ತಂದೆಯನ್ನು ಕಳೆದುಕೊಂಡ ದುಃಖ. ಜಿಲ್ಲೆಯ ಹೆಂಗಸರು ಅವರನ್ನು ಮನೆಮಗಳ ಹಾಗೆ ಕಂಡರು. ಅದು ನಾಟಕ ಅಲ್ಲ. ನಮ್ಮ ಅತ್ತೆಯೇ ಅವತ್ತು ಅತ್ತಿದ್ದರು.

ಒಂಬತ್ತು ತಿಂಗಳು ತುಂಬುವಷ್ಟರಲ್ಲಿ ಲೋಕಸಭೆಯ ಸಾರ್ವತ್ರಿಕ ಚುನಾವಣೆ. 2014ರ ಏಪ್ರಿಲ್ 17ಕ್ಕೆ ಮತದಾನ. ಅದೇ ಇಬ್ಬರು ಎದುರುಬದುರು. ಈ ಸಲ ಬಿಜೆಪಿಯೂ ಕಣದಲ್ಲಿತ್ತು. ಅಂಬರೀಶ್ ಆ ವರ್ಷದ ಆರಂಭದಲ್ಲೇ ಕಾಯಿಲೆ ಬಿದ್ದು, ಸಿಂಗಪುರಕ್ಕೆ ಹೋಗಿ ಚಿಕಿತ್ಸೆ ಪಡೆದಿದ್ದರು. ಪುಟ್ಟರಾಜು ಒಂದು ವರ್ಷದೊಳಗೆ ಎರಡು ಸಲ ಸೋತವರು, ಮೂರನೇ ಸಲ ಕೈ ಮುಗಿದು ಬಂದಿದ್ದರು. "ಪಾಪ, ಇದೊಂದ್ ಸಲ ಗೆಲ್ಸನ" ಅನ್ನುವ ಮಾತು ನಮ್ಮ ಕಡೆ ಅಂಗಡಿ ಜಗುಲಿಗಳಲ್ಲೆಲ್ಲ ಇತ್ತು. ಇಡೀ ರಾಜ್ಯದಲ್ಲಿ ಆ ಸಲ ಬಿಜೆಪಿಗೆ 17, ಕಾಂಗ್ರೆಸ್‌ಗೆ 9, ಜೆಡಿಎಸ್‌ಗೆ 2 ಸ್ಥಾನ. ಆ ಎರಡರಲ್ಲಿ ಒಂದು ಹಾಸನ, ಇನ್ನೊಂದು ಮಂಡ್ಯ.

ಸೋತವರ ಕತೆ, ಗೆದ್ದವರ ಕತೆ

ಫಲಿತಾಂಶದ ದಿನ ನಾನು ಅದೇ ಊರಿನಲ್ಲಿದ್ದೆ. ಟಿವಿಯಲ್ಲಿ ಅಂಕಿ ಮೇಲೆ ಕೆಳಗೆ ಆಗುತ್ತಿದ್ದಾಗ ಎರಡೂ ಕಡೆಯವರು ಒಂದೇ ಅಂಗಡಿ ಮುಂದೆ ನಿಂತಿದ್ದರು. ಬೈದಾಡಿಕೊಂಡರೂ ಒಟ್ಟಿಗೇ ಟೀ ಕುಡಿದರು. ಮಾತು ಕೆಟ್ಟಿದ್ದು ಕೊನೆಯ ಅಂಕಿ ಬಂದ ಮೇಲೆ.

ಗೆದ್ದವರು ಹೇಳಿದ್ದು: ಜಿಲ್ಲೆ ಸಿನಿಮಾದವರನ್ನು ತಿರಸ್ಕರಿಸಿತು, ಮಂಡ್ಯ ಎಂದೆಂದಿಗೂ ದೇವೇಗೌಡರ ಮನೆಯದೇ. ಸೋತವರು ಹೇಳಿದ್ದು ಇನ್ನೂ ಚಿಕ್ಕದು. ಒಬ್ಬ ಹುಡುಗ ಪಟಾಕಿ ಸದ್ದಿನ ನಡುವೆಯೇ ಕೂಗಿದ. "ನಾವ್ ಸೋತಿಲ್ಲ ಕನಣ್ಣ, ನಮ್ಮೋರೇ ಸೋಲ್ಸವ್ರೆ."

ಆ ಒಂದು ಮಾತು ರಾತ್ರಿಯೊಳಗೆ ಊರೆಲ್ಲ ಹರಡಿತು. ಜಿಲ್ಲೆಯ ಮಟ್ಟದಲ್ಲೂ ಮಾತು ಅದೇ ದಾರಿ ಹಿಡಿಯಿತು. ದೊಡ್ಡ ಮುಖಂಡರು ಕೈ ಕೊಟ್ಟರು, ಒಳಒಪ್ಪಂದ ಆಯಿತು, ಪ್ರಚಾರಕ್ಕೆ ಮನಸ್ಸಿಟ್ಟು ಬರಲಿಲ್ಲ ಅಂತೆಲ್ಲ. ದೊಡ್ಡವರ ಮೇಲೆ ಬಂದ ಆರೋಪ ದೊಡ್ಡವರನ್ನು ಏನೂ ಮಾಡುವುದಿಲ್ಲ. ಅವರ ಮನೆ ಮುಂದೆ ಕಾರು ನಿಲ್ಲುವುದು ನಿಲ್ಲುವುದಿಲ್ಲ. ಊರಿನಲ್ಲಿ ಆ ಆರೋಪಕ್ಕೆ ಒಂದು ಮುಖ ಬೇಕಾಗುತ್ತದೆ. ದಿನಾ ಕಣ್ಣಿಗೆ ಬೀಳುವ, ತಿರುಗಿ ಹೊಡೆಯಲಾರದ ಮುಖ.

ನಮ್ಮ ಮಾವನ ಮುಖ ಸಿಕ್ಕಿತು. ಕಾರಣ ಎರಡು. ಅವರು ಕೂತಿದ್ದ ಬೂತ್‌ನಲ್ಲಿ ಕಾಂಗ್ರೆಸ್‌ಗೆ ಕೆಲವು ಹತ್ತು ಮತಗಳ ಹಿನ್ನಡೆ ಆಗಿತ್ತು. ಇನ್ನೊಂದು, ಮಗಳನ್ನು ಪಾಂಡವಪುರದ ಕಡೆಗೆ ಕೊಟ್ಟಿದ್ದರು. ಪುಟ್ಟರಾಜು ಅವರ ಚಿನಕುರಳಿಯೂ ಅದೇ ತಾಲೂಕು. ಬೀಗರು ದಳದವರು. ಮುಗಿಯಿತಲ್ಲ. "ಬೀಗರ್ ಮಾತ್ ಕೇಳಿ ಊರ್ ಓಟ್ ಮಾರ್ಬುಟ್ಟ" ಅಂದರು. ಮಂಡ್ಯ ಜಿಲ್ಲೆಯಲ್ಲಿ ಎರಡು ಪಕ್ಷದ ಮನೆಗಳ ನಡುವೆ ಹೆಣ್ಣು ಕೊಟ್ಟು ತರದ ಊರು ಯಾವುದಿದೆ ಹೇಳಿ? ಹಾಗೆ ಲೆಕ್ಕ ಹಾಕಿದರೆ ಅರ್ಧ ಜಿಲ್ಲೆ ದ್ರೋಹಿಗಳೇ ಆಗಬೇಕು.

ಅಂಕಿ ಏನು ಹೇಳುತ್ತದೆ

ಈಗ ಲೆಕ್ಕ ನೋಡೋಣ. ಈ ಪ್ರಕರಣದ ಜೀವ ಇರುವುದು ಇಲ್ಲೇ.

2013ರ ಉಪಚುನಾವಣೆಯಲ್ಲಿ ಗೆದ್ದಾಗ ರಮ್ಯಾ ಪಡೆದದ್ದು ಸುಮಾರು 4 ಲಕ್ಷ 84 ಸಾವಿರ ಮತ. 2014ರಲ್ಲಿ ಸೋತಾಗ ಪಡೆದದ್ದು 5,18,852. ಅಂದರೆ ಸೋತ ಚುನಾವಣೆಯಲ್ಲಿ ಅವರಿಗೆ ಗೆದ್ದ ಚುನಾವಣೆಗಿಂತ 34 ಸಾವಿರಕ್ಕೂ ಜಾಸ್ತಿ ಮತ ಬಂದಿತ್ತು! ಜನ ಅವರನ್ನು ಬಿಟ್ಟುಹೋಗಿರಲಿಲ್ಲ. ಎದುರಾಳಿ ಅವರಿಗಿಂತ ವೇಗವಾಗಿ ಬೆಳೆದಿದ್ದರು. ಪುಟ್ಟರಾಜು ಅವರ ಮತ ಸುಮಾರು 88 ಸಾವಿರ ಏರಿತ್ತು. ಉಪಚುನಾವಣೆಗೆ ಮನೆಯಲ್ಲೇ ಕೂತಿದ್ದ ಎಷ್ಟೋ ಜನ ಸಾರ್ವತ್ರಿಕ ಚುನಾವಣೆಗೆ ಎದ್ದು ಬಂದರು. ಅವರಲ್ಲಿ ಕಾಂಗ್ರೆಸ್‌ಗಿಂತ ದಳದ ಕಡೆ ಹೋದವರೇ ಹೆಚ್ಚು. ಐದು ಕ್ಷೇತ್ರಗಳಲ್ಲಿ ಶಾಸಕರನ್ನು ಇಟ್ಟುಕೊಂಡ ಪಕ್ಷ ತನ್ನವರನ್ನು ಮನೆಯಿಂದ ಹೊರಡಿಸಿತು ಅನ್ನುವುದರಲ್ಲಿ ಆಶ್ಚರ್ಯ ಏನೂ ಇಲ್ಲ.

ಹೀಗಿದ್ದಾಗ "ಸಿನಿಮಾದವರನ್ನು ಜಿಲ್ಲೆ ತಿರಸ್ಕರಿಸಿತು" ಅನ್ನುವ ಮಾತು ಎಲ್ಲಿ ನಿಲ್ಲುತ್ತದೆ? ಐದು ಲಕ್ಷ ಹದಿನೆಂಟು ಸಾವಿರ ಜನರ ಓಟನ್ನು ತಿರಸ್ಕಾರ ಅಂತ ಕರೆಯಲು ಬರುವುದಿಲ್ಲ. ಐದು ವರ್ಷದ ಮೇಲೆ, 2019ರಲ್ಲಿ, ಇದೇ ಜಿಲ್ಲೆ ದೇವೇಗೌಡರ ಮನೆತನದ ನಿಖಿಲ್ ಕುಮಾರಸ್ವಾಮಿ ಅವರೆದುರು ಸುಮಲತಾ ಅಂಬರೀಶ್ ಅವರನ್ನು ಪಕ್ಷೇತರರಾಗಿ 1,25,876 ಮತಗಳಿಂದ ಗೆಲ್ಲಿಸಿತು. ಅಲ್ಲಿಂದ ಐದು ವರ್ಷಕ್ಕೆ ಕುಮಾರಸ್ವಾಮಿ ಅವರನ್ನು 2,84,620 ಮತಗಳಿಂದ ಗೆಲ್ಲಿಸಿತು. ಮಂಡ್ಯ ಯಾರ ಮನೆಯದೂ ಅಲ್ಲ.

ಇನ್ನು ಸೋತವರ ಕತೆ. ಅತ್ತಲಿಂದ ಇತ್ತ 2,760 ಜನ ಬಂದಿದ್ದರೆ ಫಲಿತಾಂಶ ತಿರುಗುತ್ತಿತ್ತು. ಎಂಟು ಕ್ಷೇತ್ರಕ್ಕೆ ಹಂಚಿದರೆ ಒಂದೊಂದರಲ್ಲಿ 345 ಜನ. ಇಷ್ಟು ಚಿಕ್ಕ ಅಂತರಕ್ಕೆ ಏನನ್ನು ಬೇಕಾದರೂ ಕಾರಣ ಅನ್ನಬಹುದು. ಬಿಸಿಲು ಅನ್ನಬಹುದು. ಬಿಜೆಪಿ ಅಭ್ಯರ್ಥಿ ತೆಗೆದುಕೊಂಡ ಮತ ಅನ್ನಬಹುದು, ಅದು ಈ ಅಂತರಕ್ಕಿಂತ ಎಷ್ಟೋ ಪಾಲು ಹೆಚ್ಚಿತ್ತು. ಅಂಬರೀಶ್ ಕಾಯಿಲೆ ಅನ್ನಬಹುದು. ಕಬ್ಬಿನ ಬಾಕಿ, ನಾಲೆ ನೀರು, ಬೆಂಗಳೂರಿಗೆ ದುಡಿಯಲು ಹೋದ ಹುಡುಗರು ಊರಿಗೆ ಬಾರದೆ ಉಳಿದದ್ದು, ಎಲ್ಲವೂ ಕಾರಣವೇ. ಎಲ್ಲವೂ ಕಾರಣ ಆಗಬಲ್ಲ ಕಡೆ ಒಂದನ್ನೇ ಎತ್ತಿ ಒಬ್ಬ ಮನುಷ್ಯನ ತಲೆಗೆ ಕಟ್ಟುವುದು ಅನ್ಯಾಯ. ನಮ್ಮ ಮಾವ ಇದನ್ನು ಅಂಕಿ ಇಲ್ಲದೆಯೇ ಹೇಳಿದ್ದರು. ಮನೆ ಮುಂದೆ ಬಂದು ಕೂಗಾಡಿದ ಹುಡುಗನಿಗೆ ಅವರು ಕೇಳಿದ್ದು ಇಷ್ಟೇ: "ಎಂಟ್ ಕ್ಷೇತ್ರದಲ್ಲೂ ನಾನೊಬ್ನೇ ಕೂತಿದ್ನೇನ್ಲಾ?"

ಆ ಹುಡುಗನಿಗೆ ಉತ್ತರ ಇರಲಿಲ್ಲ. ಆದರೂ ಅವನು ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಒಬ್ಬನ ತಲೆಗೆ ಕಟ್ಟುವ ಈ ಚಾಳಿ ಮಂಡ್ಯದ್ದು ಮಾತ್ರ ಅಲ್ಲ. ಹಿಂದೆ ಮೈಸೂರು ಜಿಲ್ಲೆಗೇ ಸೇರಿದ್ದ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಮತ. ಆ ಸೋಲಿನ ಬಗ್ಗೆ ಇವತ್ತಿಗೂ ಜನ ಹೇಳುವ ಕತೆ, ಕೃಷ್ಣಮೂರ್ತಿ ಅವರ ಕಾರಿನ ಡ್ರೈವರ್‌ಗೇ ಓಟು ಹಾಕಲು ಆಗಲಿಲ್ಲ ಅನ್ನುವುದು. ಮತದಾನಕ್ಕೆ ಬಾರದೆ ಉಳಿದ ಸಾವಿರಾರು ಜನ ಯಾರ ನೆನಪಿನಲ್ಲೂ ಇಲ್ಲ. ಎದುರಾಳಿಗೆ ಹಾಕಿದ ನಲವತ್ತು ಸಾವಿರ ಜನವೂ ಇಲ್ಲ. ಡ್ರೈವರ್ ಒಬ್ಬ ಉಳಿದುಕೊಂಡ. ಗೆದ್ದಾಗ ಮಾತ್ರ ಚಿಕ್ಕ ಅಂತರದ ಕತೆ ಬೇರೆ ರೂಪ ಪಡೆಯುತ್ತದೆ. 2006ರ ಡಿಸೆಂಬರ್‌ನಲ್ಲಿ ಚಾಮುಂಡೇಶ್ವರಿ ಉಪಚುನಾವಣೆಯಲ್ಲಿ ಸಿದ್ದರಾಮಯ್ಯ 257 ಮತಗಳಿಂದ ಗೆದ್ದರು. ಅವತ್ತು 129 ಜನ ಆಚೆ ವಾಲಿದ್ದರೆ ಕರ್ನಾಟಕದ ಮುಂದಿನ ರಾಜಕಾರಣವೇ ಬೇರೆ ಆಗುತ್ತಿತ್ತು. ಆದರೆ ಮೈಸೂರಿನಲ್ಲಿ ಅವರ ಅಭಿಮಾನಿಗಳು ಅದನ್ನು ಒಬ್ಬ ನಾಯಕನ ಶಕ್ತಿಯ ಕತೆಯಾಗಿಯೇ ಹೇಳುತ್ತಾರೆ.

ಹಾಗಂತ ಒಳೇಟು ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ. 2023ರಲ್ಲಿ ಮಂಡ್ಯ ವಿಧಾನಸಭಾ ಕ್ಷೇತ್ರದಲ್ಲಿ ಜೆಡಿಎಸ್ 2,019 ಮತಗಳಿಂದ ಸೋತಾಗ ಕಾರಣ ಹುಡುಕಲು ಕಷ್ಟಪಡಬೇಕಿರಲಿಲ್ಲ. ಶಾಸಕರಾಗಿದ್ದ ಎಂ. ಶ್ರೀನಿವಾಸ್ ಅವರಿಗೆ ಟಿಕೆಟ್ ತಪ್ಪಿತ್ತು. ಮುನಿಸಿಕೊಂಡವರು ಬೇರೆ ಅಭ್ಯರ್ಥಿಯನ್ನು ಪಕ್ಷೇತರರಾಗಿ ನಿಲ್ಲಿಸಿದ್ದರು. ಅದು ಎಲ್ಲರ ಕಣ್ಣೆದುರು ನಡೆದದ್ದು, ಎಣಿಸಬಹುದಾದದ್ದು. ನಮ್ಮ ಮಾವನ ಮೇಲಿನ ಆರೋಪಕ್ಕೆ ಅಂಥ ಯಾವ ಆಧಾರವೂ ಇರಲಿಲ್ಲ.

ಏಜೆಂಟ್ ಏನು ಮಾಡಬಲ್ಲ

ಬೂತ್ ಏಜೆಂಟ್ ಅಂದರೆ ಏನು ಅಂತ ಗೊತ್ತಿಲ್ಲದವರು ಈ ಆರೋಪವನ್ನು ಸುಲಭವಾಗಿ ನಂಬುತ್ತಾರೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೆಳಗ್ಗೆ ಮತದಾನ ಶುರುವಾಗುವ ಮುಂಚೆ ಅಣಕು ಮತದಾನ ಇರುತ್ತದೆ. ಏಜೆಂಟರ ಎದುರಿಗೆ ಯಂತ್ರದಲ್ಲಿ ಮತ ಹಾಕಿ, ಎಣಿಸಿ ತೋರಿಸಿ, ಅಳಿಸಿ, ಸೀಲ್ ಮಾಡುತ್ತಾರೆ. ಏಜೆಂಟ್ ಸಹಿ ಹಾಕುತ್ತಾನೆ. ಆಮೇಲೆ ದಿನವಿಡೀ ಮತದಾರರ ಪಟ್ಟಿ ಹಿಡಿದು ಕೂರುತ್ತಾನೆ. ಬಂದವರು ಪಟ್ಟಿಯಲ್ಲಿರುವವರೇ ಹೌದೋ ಅಲ್ಲವೋ ನೋಡುತ್ತಾನೆ. ಅನುಮಾನ ಬಂದರೆ ಎರಡು ರೂಪಾಯಿ ಕಟ್ಟಿ ಆಕ್ಷೇಪ ಎತ್ತಬಹುದು. ಆಗ ಅಧಿಕಾರಿ ವಿಚಾರಿಸಲೇಬೇಕು. ಸಂಜೆ ಮತದಾನ ಮುಗಿದ ಮೇಲೆ ಒಟ್ಟು ಎಷ್ಟು ಮತ ಬಿದ್ದಿದೆ ಅನ್ನುವ 17ಸಿ ಫಾರಂ ಪ್ರತಿ ಅವನ ಕೈಗೆ ಬರುತ್ತದೆ. ಅಷ್ಟೇ. ರಟ್ಟಿನ ಮರೆಯ ಹಿಂದೆ ಯಾರು ಯಾವ ಗುಂಡಿ ಒತ್ತಿದರು ಅಂತ ಅವನಿಗೆ ಕಾಣುವುದಿಲ್ಲ. ಒತ್ತಿಸಲು ಆಗುವುದೂ ಇಲ್ಲ.

ಮಾವ ಬೆಳಗ್ಗೆಯಿಂದ ಸಂಜೆ ತನಕ ಕೂತಲ್ಲಿಂದ ಏಳದ ಮನುಷ್ಯ. ಊರಿನ ಪ್ರತಿ ಮನೆಯ ಮುಖ ಅವರಿಗೆ ಗೊತ್ತು. ಸತ್ತವರ ಹೆಸರು ಪಟ್ಟಿಯಲ್ಲಿ ಉಳಿದಿದ್ದರೆ ಅದಕ್ಕೆ ಮೊದಲೇ ಗುರುತು ಹಾಕಿಕೊಂಡು ಹೋಗುತ್ತಿದ್ದರು. ಅವರು ಕೊಟ್ಟ ಊರಿನ ಲೆಕ್ಕ ಎಷ್ಟು ಕಟ್ಟುನಿಟ್ಟು ಅಂತ ಎದುರು ಪಕ್ಷದ ಏಜೆಂಟೇ ಹೊಗಳುತ್ತಿದ್ದ. ಕೊನೆಗೆ ಅದೇ ಲೆಕ್ಕ ಅವರಿಗೆ ಮುಳುವಾಯಿತು.

ಏಕೆಂದರೆ ನಮ್ಮಲ್ಲಿ ಬೂತ್‌ವಾರು ಮತ ಬಹಿರಂಗ. ಎಣಿಕೆ ಮುಗಿದ ಮೇಲೆ ತಯಾರಾಗುವ ಫಾರಂ 20ರಲ್ಲಿ ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಅಂತ ಸಾಲು ಸಾಲಾಗಿ ಇರುತ್ತದೆ. ಪಾರದರ್ಶಕತೆಗೆ ಅದು ಒಳ್ಳೆಯದು, ಅನುಮಾನ ಇಲ್ಲ. ಆದರೆ ಎಂಟುನೂರು, ಸಾವಿರ ಮತದ ಹಳ್ಳಿಯಲ್ಲಿ ಅದು ಮನೆಮನೆಯ ಜಾತಕ ಆಗಿಬಿಡುತ್ತದೆ. ಯಾವ ಬೀದಿ ಯಾರ ಕಡೆ ಅಂತ ಊರಿನವರು ಬೆರಳಲ್ಲಿ ಎಣಿಸಬಲ್ಲರು. ನಂತರ ರಸ್ತೆ ಕೇಳಲು ಹೋದರೆ "ನಿಮ್ಮೂರಲ್ಲಿ ಲೀಡ್ ಎಲ್ಲಿ ಬಂತು?" ಅನ್ನುವ ಮಾತು ಕೇಳಬೇಕಾಗುತ್ತದೆ. ಕಾಗದದ ಮತಪತ್ರದ ಕಾಲದಲ್ಲಿ ಹಲವು ಬೂತ್‌ಗಳ ಮತ ಬೆರೆಸಿ ಎಣಿಸಲು ನಿಯಮದಲ್ಲಿ ಅವಕಾಶ ಇತ್ತು. ಯಂತ್ರ ಬಂದ ಮೇಲೆ ಅದು ನಿಂತಿತು. ಹಲವು ಯಂತ್ರಗಳ ಮತವನ್ನು ಒಟ್ಟಿಗೆ ಕೂಡಿಸಿ ತೋರಿಸುವ ಟೋಟಲೈಸರ್ ಬೇಕು ಅಂತ ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು. ಕಾನೂನು ಆಯೋಗ 2015ರ ವರದಿಯಲ್ಲಿ ಅದನ್ನೇ ಶಿಫಾರಸು ಮಾಡಿತು. ಜಾರಿಗೆ ಬಂದಿಲ್ಲ. ಬರಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ದಿಲ್ಲಿಯಲ್ಲಿ ಕೂತು ನೋಡುವವರಿಗೆ ಇದು ತಾಂತ್ರಿಕ ವಿಷಯ ಅನಿಸಬಹುದು. ಹಳ್ಳಿಯಲ್ಲಿ ಬದುಕುವವರಿಗೆ ಇದು ನೆಮ್ಮದಿಯ ವಿಷಯ.

ಮಾವನ ಮನೆಗೆ ಆದದ್ದು ಏನು ಅಂತ ಕೇಳಿದರೆ ದೊಡ್ಡ ಗಲಾಟೆ ಏನೂ ಅಲ್ಲ. ಹೊಡೆದಾಟ ಆಗಲಿಲ್ಲ, ಪೊಲೀಸ್ ಠಾಣೆಗೆ ಯಾರೂ ಹೋಗಲಿಲ್ಲ. ಡೇರಿ ಚುನಾವಣೆಗೆ ಅವರ ಹೆಸರು ಕೈಬಿಟ್ಟರು. ಮಾರಿಹಬ್ಬಕ್ಕೆ ಕೆಲವರು ಊಟಕ್ಕೆ ಕರೆಯಲಿಲ್ಲ. ಮಗಳು ತವರಿಗೆ ಬಂದರೆ "ಬಂದ್ಲು ನೋಡು ದಳದೋಳು" ಅಂತ ಕೇಳಿಸುವ ಹಾಗೆ ಅಂದರು. ಅವಳಿಗೆ ರಾಜಕೀಯದ ಗಂಧವೂ ಇರಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ.

ಹೆಣ್ಣುಮಕ್ಕಳ ಮೇಲೆ ಈ ಸಿಟ್ಟು ಯಾವಾಗಲೂ ಒಂದು ಕೈ ಹೆಚ್ಚೇ ಬೀಳುತ್ತದೆ. ರಮ್ಯಾ ಸೋತಾಗ ಪುಟ್ಟರಾಜು ಅವರಿಗೆ ಎಂದೂ ಕೇಳದ ಪ್ರಶ್ನೆಗಳನ್ನು ಅವರಿಗೆ ಕೇಳಿದರು. ಬಟ್ಟೆ, ಮದುವೆ, ಎಲ್ಲಿ ಇರುತ್ತಾರೆ, ಯಾರ ಜೊತೆ ಓಡಾಡುತ್ತಾರೆ. 2019ರಲ್ಲಿ ಸುಮಲತಾ ನಿಂತಾಗ, ಗಂಡ ತೀರಿಕೊಂಡು ಇನ್ನೂ ಎಷ್ಟು ದಿನ ಆಯಿತು ಅಂತ ಎದುರು ಪಕ್ಷದ ಮುಖಂಡರೇ ಆಡಿದರು. ನೀತಿಯನ್ನು ಟೀಕಿಸಿ, ಕೆಲಸವನ್ನು ಟೀಕಿಸಿ, ಸಂಸತ್ತಿನಲ್ಲಿ ಏನು ಕೇಳಿದರು ಅಂತ ಟೀಕಿಸಿ. ಇದು ಟೀಕೆ ಅಲ್ಲ.

ನಾಲ್ಕು ವರ್ಷದ ಮೇಲೆ

2018ರ ಮೇನಲ್ಲಿ ಎಂಟೂ ಕ್ಷೇತ್ರಗಳನ್ನು ಜೆಡಿಎಸ್ ಗೆದ್ದಿತು. ರಾಜ್ಯದಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಕಾಂಗ್ರೆಸ್ ಮತ್ತು ಜೆಡಿಎಸ್ ಕೈ ಜೋಡಿಸಿ ಕುಮಾರಸ್ವಾಮಿ ಮುಖ್ಯಮಂತ್ರಿ ಆದರು. ಪುಟ್ಟರಾಜು ಮೇಲುಕೋಟೆಯಿಂದ ಶಾಸಕರಾಗಿ, ಮಂತ್ರಿಯೂ ಆಗಿ, ಸಂಸದ ಸ್ಥಾನ ಬಿಟ್ಟರು. ನವೆಂಬರ್‌ನಲ್ಲಿ ಮಂಡ್ಯಕ್ಕೆ ಮತ್ತೊಂದು ಉಪಚುನಾವಣೆ. ಮೈತ್ರಿ ಅಭ್ಯರ್ಥಿ ಜೆಡಿಎಸ್‌ನ ಎಲ್.ಆರ್. ಶಿವರಾಮೇಗೌಡ.

ಆಗ ನಮ್ಮ ಊರಿನಲ್ಲಿ ನಡೆದದ್ದನ್ನು ಬರೆಯಲೇಬೇಕು. ಮಾವನನ್ನು ದಳಕ್ಕೆ ಮಾರಿಕೊಂಡವನು ಅಂದವರೇ ದಳದ ಕರಪತ್ರ ಹಿಡಿದು ಮನೆಮನೆಗೆ ಬಂದರು. ಪಕ್ಷದ ಆದೇಶ, ಬರಲೇಬೇಕಿತ್ತು. ಮಾವನ ಮನೆಗೂ ಬಂದರು. ಅತ್ತೆ ನೀರು ಕೊಟ್ಟರು. ಮಾವ ಕರಪತ್ರ ತೆಗೆದುಕೊಂಡು ಓದಿ, "ಸರಿ ಕನ್ರಪ್ಪಾ" ಅಂದರು. ನಾಲ್ಕು ವರ್ಷದ ಹಿಂದಿನ ಮಾತು ತಪ್ಪಾಯಿತು ಅಂತ ಒಬ್ಬರೂ ಹೇಳಲಿಲ್ಲ. ಶಿವರಾಮೇಗೌಡರು 3 ಲಕ್ಷ 24 ಸಾವಿರ ಚಿಲ್ಲರೆ ಮತಗಳಿಂದ ಗೆದ್ದರು. ಆರೇ ತಿಂಗಳಲ್ಲಿ ಅದೇ ಮೈತ್ರಿಯ ಅಭ್ಯರ್ಥಿ ನಿಖಿಲ್ ಸೋತರು, ಆಗ ಮೈತ್ರಿಯ ಎರಡೂ ಪಕ್ಷದವರು ಒಬ್ಬರ ಮೇಲೊಬ್ಬರು ಒಳೇಟಿನ ಆರೋಪ ಹೊರಿಸಿಕೊಂಡರು. 2023ರ ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ಬಿಜೆಪಿ ಜೊತೆ ಸೇರಿತು. ಹತ್ತು ವರ್ಷದಲ್ಲಿ ಪಕ್ಷಗಳು ಇಷ್ಟು ಸಲ ಜೊತೆ ಬದಲಾಯಿಸಿದವು. ಊರಿನಲ್ಲಿ ಮುರಿದ ಮಾತು ಮಾತ್ರ ಕೂಡಲಿಲ್ಲ.

ಸೋತ ಪಕ್ಷಕ್ಕೆ ಕಾನೂನಿನ ದಾರಿಗಳು ಇವೆ. ಎಣಿಕೆ ಮುಗಿದ ತಕ್ಷಣ ಮರುಎಣಿಕೆಗೆ ಲಿಖಿತವಾಗಿ ಕೇಳಬಹುದು. ಬೆಂಗಳೂರಿನ ಜಯನಗರದಲ್ಲಿ 2023ರಲ್ಲಿ ಹಾಗೆ ಮರುಎಣಿಕೆ ಆಗಿಯೇ ಫಲಿತಾಂಶ 16 ಮತಗಳಲ್ಲಿ ತೀರ್ಮಾನ ಆಯಿತು. 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬಹುದು. 17ಸಿ ಮತ್ತು ಫಾರಂ 20 ಪಕ್ಕಪಕ್ಕ ಇಟ್ಟು ತಾಳೆ ನೋಡಬಹುದು. ಹಿಂದಿನ ಚುನಾವಣೆಯ ಬೂತ್ ಲೆಕ್ಕ ತೆಗೆದು ಎಲ್ಲಿ ಎಷ್ಟು ಏರಿತು, ಎಲ್ಲಿ ಇಳಿಯಿತು ಅಂತ ಕೂತು ಲೆಕ್ಕ ಹಾಕಬಹುದು. ನಮ್ಮ ಊರಿನ ಬೂತ್‌ಗೆ ಅದನ್ನು ಯಾರೂ ಮಾಡಲಿಲ್ಲ. ಮಾಡಿದ್ದರೆ ಸೋಲಿನ ಕಾರಣ ತಿಳಿಯಲು ಒಂದು ಮಧ್ಯಾಹ್ನ ಸಾಕಿತ್ತು.

ಮಾವ ಆಮೇಲೆ ಏಜೆಂಟ್ ಆಗಿ ಕೂರಲಿಲ್ಲ. 2018, 2019, 2023, 2024, ಪ್ರತಿ ಸಲವೂ ಕರೆ ಬಂತು, ಪ್ರತಿ ಸಲವೂ ಬೇಡ ಅಂದರು. ಮಗನನ್ನೂ ಕಳಿಸಲಿಲ್ಲ. ಈಗ ಆ ಬೂತ್‌ಗೆ ಪಕ್ಷ ಪಕ್ಕದ ಊರಿನ ಒಬ್ಬ ಹುಡುಗನನ್ನು ಕೂರಿಸುತ್ತದೆ. ಒಳ್ಳೆಯ ಹುಡುಗ, ಬೆಳಗ್ಗೆ ಹೊತ್ತಿಗೆ ಸರಿಯಾಗಿ ಬರುತ್ತಾನೆ. ಆದರೆ ಊರಿನ ಮುಖಗಳು ಅವನಿಗೆ ಗೊತ್ತಿಲ್ಲ. ಬಂದವರು ಪಟ್ಟಿಯಲ್ಲಿರುವವರೇ ಅಂತ ಹೇಳಲೂ ಆರ, ಅಲ್ಲ ಅಂತ ಎರಡು ರೂಪಾಯಿ ಕಟ್ಟಲೂ ಆರ.